ಲಕ್ಷಗಟ್ಟಲೆ ಜಮುನಾಪಾರಿ ಇದ್ದೂ ತಳಿ ಕರಗುತ್ತಿರುವುದೇಕೆ?

ದೇಶದ 21ನೇ ಜಾನುವಾರು ಗಣತಿಗೆ 2024ರ ಅಕ್ಟೋಬರ್ 25ರಂದು ಚಾಲನೆ ಸಿಕ್ಕಿತು. ಎಷ್ಟು ದನ, ಎಷ್ಟು ಎಮ್ಮೆ, ಎಷ್ಟು ಮೇಕೆ ಎಂಬುದರ ಜೊತೆಗೆ ಯಾವ ತಳಿ ಎಂಬುದನ್ನೂ ಬರೆದುಕೊಳ್ಳುವ ಗಣತಿ ಇದು. ಪಟ್ಟಿಯಲ್ಲಿರುವ ದೇಸಿ ತಳಿಗಳೇ 219. ಹಿಂದಿನ, ಅಂದರೆ 2019ರ ಗಣತಿಯಲ್ಲಿ ಮೇಕೆಗಳ ಸಂಖ್ಯೆ 14.88 ಕೋಟಿ ಇತ್ತು; 2012ಕ್ಕಿಂತ ಶೇ 10ರಷ್ಟು ಹೆಚ್ಚು. ತಳಿವಾರು ಲೆಕ್ಕದಲ್ಲಿ, ಹಾಲಿಗೆ ಹೆಸರಾದ ಜಮುನಾಪಾರಿ ಮೇಕೆ ಎಂದು ದಾಖಲಾದವು ಲಕ್ಷಗಟ್ಟಲೆ. ಆದರೆ ಮೇಕೆ ತಳಿಶಾಸ್ತ್ರ ಬಲ್ಲವರನ್ನು ಕೇಳಿದರೆ ದಶಕಗಳಿಂದ ಒಂದೇ ಉತ್ತರ: ಅಪ್ಪಟ ಜಮುನಾಪಾರಿ ತನ್ನ ತವರು ಸೀಮೆಯಲ್ಲೇ ವಿರಳವಾಗುತ್ತಿದೆ, ಉಳಿಸಿಕೊಳ್ಳದಿದ್ದರೆ ಕೈತಪ್ಪುತ್ತದೆ.

ಎರಡೂ ಮಾತು ಒಟ್ಟಿಗೆ ನಿಜವಾಗಿರಲು ಸಾಧ್ಯವೇ? ಸಾಧ್ಯ. ಈ ತಳಿಯ ಹೆಸರು ಹರಡಿದ ದಾರಿಯಲ್ಲೇ ತಳಿಯೂ ಕರಗಿದೆ, ಗೊಂದಲದ ಮೂಲ ಅಲ್ಲಿದೆ.

ಆಚೆ ದಡದ ಮೇಕೆ

ಜಮುನಾಪಾರಿ ಎಂದರೆ ಜಮುನೆಯ ಆಚೆ ದಡದ್ದು. ಉತ್ತರ ಪ್ರದೇಶದ ಇಟಾವಾ ಜಿಲ್ಲೆಯಲ್ಲಿ ಯಮುನೆ ಮತ್ತು ಚಂಬಲ್ ನದಿಗಳು ಹತ್ತಿರ ಹತ್ತಿರ ಹರಿದು, ಮುಂದೆ ಪಂಚನದದ ಬಳಿ ಕೂಡುತ್ತವೆ. ಈ ಎರಡು ನದಿಗಳ ನಡುವಿನ ಚಕರ್‌ನಗರ ಸೀಮೆ ತಳಿಯ ತವರು. ಚಂಬಲ್ ದಾಟಿದರೆ ಸಿಗುವ ಮಧ್ಯಪ್ರದೇಶದ ಭಿಂಡ್ ಜಿಲ್ಲೆಯ ಅಂಚನ್ನೂ ಸೇರಿಸಿಕೊಳ್ಳುವುದುಂಟು. ಮಳೆನೀರು ಕೊರೆದ ಆಳವಾದ ಮಣ್ಣಿನ ಕಂದರಗಳು, ಅಲ್ಲಿನವರ ಮಾತಿನಲ್ಲಿ ಬೀಹಡ್, ಈ ನೆಲದ ಗುರುತು. ಡಕಾಯಿತರ ಕಥೆಗಳಿಂದ ಚಂಬಲ್ ಹೆಸರು ನಮಗೆ ಪರಿಚಿತ. ದೇಶದ ಅತ್ಯುತ್ತಮ ಹಾಲಿನ ಮೇಕೆಗಳಲ್ಲೊಂದು ಅದೇ ಕಂದರಗಳಲ್ಲಿ ರೂಪುಗೊಂಡಿತೆಂಬುದು ಅಷ್ಟಾಗಿ ಪರಿಚಿತವಲ್ಲ.

ಮೇಕೆಯ ಮೈಕಟ್ಟು ಈ ನೆಲಕ್ಕೆ ಹೇಳಿ ಮಾಡಿಸಿದಂತಿದೆ. ಉದ್ದ ಕಾಲು, ಎತ್ತರದ ದೇಹ, ಬಿಳಿ ಬಣ್ಣ, ಕೆಲವೊಮ್ಮೆ ತಲೆ ಮತ್ತು ಕುತ್ತಿಗೆಯಲ್ಲಿ ಕಂದು ಮಚ್ಚೆ. ಮೂಗಿನ ದಿಂಡು ಎಷ್ಟು ಉಬ್ಬಿರುತ್ತದೆಂದರೆ ಪಕ್ಕದಿಂದ ನೋಡಿದಾಗ ಗಿಣಿಮೂತಿ ಕಾಣುತ್ತದೆ, ಮೂಗಿನ ಮೇಲೆ ಕೂದಲ ಗೊಂಚಲೂ ಇರುತ್ತದೆ. ಕಿವಿ ಚಪ್ಪಟೆಯಾಗಿ ಮಡಚಿಕೊಂಡು ಜೋತುಬಿದ್ದಿರುತ್ತದೆ. ಉದ್ದ ಸುಮಾರು 25 ಸೆಂ.ಮೀ. ಅಥವಾ ಅದಕ್ಕೂ ಹೆಚ್ಚು. ಹಿಂಗಾಲುಗಳ ಹಿಂಭಾಗದಲ್ಲಿ ಉದ್ದ ಕೂದಲು ಇಳಿಬಿದ್ದಿರುತ್ತದೆ. ಈ ಮೇಕೆ ನೆಲದ ಹುಲ್ಲಿಗೆ ತಲೆ ತಗ್ಗಿಸುವುದು ಕಡಿಮೆ, ಕತ್ತೆತ್ತಿ ಜಾಲಿ, ಬೋರೆ, ಬೇವು, ಅರಳಿಯ ಸೊಪ್ಪು ಕೀಳುವುದೇ ಹೆಚ್ಚು.

ಹಾಲಿನ ಲೆಕ್ಕಕ್ಕೆ ಬಂದರೆ ಒಂದು ಸೂಲಿಗೆ ಸರಾಸರಿ 190 ದಿನಗಳಲ್ಲಿ ಸುಮಾರು 200 ಕೆ.ಜಿ. ಒಳ್ಳೆಯ ಮೇಕೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಕೊಡುತ್ತದೆ. ಇದರ ಬೆನ್ನಿಗೇ ತಳಿಯ ದೌರ್ಬಲ್ಯವನ್ನೂ ಹೇಳಬೇಕು. ಮೊದಲ ಮರಿ ಹಾಕಲು ಹತ್ತಿರ ಹತ್ತಿರ ಎರಡು ವರ್ಷ ಬೇಕು. ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಂದು ಸೂಲು, ಹೆಚ್ಚಿನ ಸಲ ಒಂದೇ ಮರಿ, ಕೆಲವೊಮ್ಮೆ ಅವಳಿ. ಅದೇ ಸೀಮೆಯ ಸುತ್ತಮುತ್ತ ಸಿಗುವ ಪುಟ್ಟ ಬಾರ್ಬರಿ ತಳಿ ಒಂದೂವರೆ ವರ್ಷದೊಳಗೇ ಮರಿ ಹಾಕುತ್ತದೆ, ಅವಳಿ ಮಾಮೂಲು, ಎರಡು ವರ್ಷದಲ್ಲಿ ಮೂರು ಸೂಲು ಸಾಧ್ಯ. ಹಾಲಿಗೆ ಬೆಲೆ ಸಿಗದೆ ಮರಿಗೆ ಮಾತ್ರ ಬೆಲೆ ಸಿಗುವ ಮಾರುಕಟ್ಟೆಯಲ್ಲಿ ಬಡ ರೈತ ಯಾವುದನ್ನು ಆರಿಸಿಕೊಳ್ಳುತ್ತಾನೆಂದು ಬಿಡಿಸಿ ಹೇಳಬೇಕಿಲ್ಲ.

ಗಣತಿ ಎಣಿಸುವುದು ಏನನ್ನು?

ಗಣತಿದಾರ ಮನೆಮನೆಗೆ ಹೋಗುತ್ತಾನೆ, ಪ್ರಾಣಿಯನ್ನು ನೋಡುತ್ತಾನೆ, ಮಾಲೀಕನನ್ನು ಕೇಳುತ್ತಾನೆ, ಆ್ಯಪ್‌ನಲ್ಲಿ ಗುರುತು ಹಾಕುತ್ತಾನೆ. ತಳಿ ನಿರ್ಧಾರವಾಗುವುದು ಕಣ್ಣಳತೆಯಲ್ಲಿ. ತಳಿವಾರು ಅಂಕಿಗಳಲ್ಲಿ ಅಪ್ಪಟ ಎಂದು ಬರೆದವುಗಳ ಜೊತೆಗೆ, ತಳಿಯ ಚಹರೆ ಅರ್ಧಕ್ಕಿಂತ ಹೆಚ್ಚಿರುವ ಬೆರಕೆಗಳೂ ಸೇರುತ್ತವೆ. ಪತ್ರಿಕೆಗಳಲ್ಲಿ ಬರುವ ದೊಡ್ಡ ಸಂಖ್ಯೆ ಇವೆರಡರ ಮೊತ್ತ.

ಕಣ್ಣಳತೆ ಜಮುನಾಪಾರಿಯ ವಿಷಯದಲ್ಲಿ ವಿಶೇಷವಾಗಿ ಮೋಸ ಮಾಡುತ್ತದೆ. ಜಮುನಾಪಾರಿ ಹೋತವನ್ನು ಊರಿನ ಸಾಧಾರಣ ಮೇಕೆಗೆ ಕೊಟ್ಟರೆ ಮೊದಲ ತಲೆಮಾರಿನ ಮರಿಯಲ್ಲಿ ರಕ್ತ ಅರ್ಧ, ಅಂದರೆ ಶೇ 50. ಅದರ ಹೆಣ್ಣುಮರಿಗೆ ಮತ್ತೆ ಅಪ್ಪಟ ಹೋತ ಸಿಕ್ಕರೆ ಶೇ 75, ಮುಂದೆ ಶೇ 87.5, ನಾಲ್ಕನೆಯದಕ್ಕೆ ಶೇ 93.75. ಆದರೆ ಜೋಲುಕಿವಿ, ಉಬ್ಬುಮೂಗು ಒಂದೆರಡು ತಲೆಮಾರಿನಲ್ಲೇ ಎದ್ದು ಕಾಣತೊಡಗುತ್ತವೆ. ಹಾಲು, ಮೈತೂಕ, ಕಂದರದ ಬಿಸಿಲು ತಡೆಯುವ ಗುಣ ನೂರಾರು ಜೀನ್‌ಗಳ ಕೂಡುಫಲ, ಅವು ಕಿವಿಯ ವೇಗದಲ್ಲಿ ಬರುವುದಿಲ್ಲ. ಹಾಗಾಗಿ ಶೇ 75 ರಕ್ತದ ಮೇಕೆ ಗಣತಿಯಲ್ಲೂ ಸಂತೆಯಲ್ಲೂ ಜಮುನಾಪಾರಿ ಎಂದೇ ಸಲ್ಲುತ್ತದೆ.

ಇದಕ್ಕೆ ಇನ್ನೊಂದು ಪದರವಿದೆ. ಬಿಳಿ ಮೈ, ಉದ್ದ ಕಿವಿ ಜಮುನಾಪಾರಿಯ ಸ್ವತ್ತೇನಲ್ಲ. ರಾಜಸ್ಥಾನದ ಸೋಜತ್ ತಳಿಗೂ ಅವಿವೆ. ಪಂಜಾಬಿನ ಬೀಟಲ್‌ಗೆ ಉಬ್ಬುಮೂಗೂ ಜೋಲುಕಿವಿಯೂ ಇವೆ, ಬಣ್ಣ ಮಾತ್ರ ಸಾಮಾನ್ಯವಾಗಿ ಕಪ್ಪು ಅಥವಾ ಕಂದು. ಇವುಗಳ ನಡುವಿನ ಬೆರಕೆಯನ್ನು ವ್ಯಾಪಾರಿ ಏನೆಂದು ಕರೆಯುತ್ತಾನೋ ಅದೇ ಅದರ ತಳಿ.

ಹೊರದೇಶಗಳ ಕಥೆಯೂ ಹೀಗೆಯೇ. ಡಚ್ಚರ ಕಾಲದಲ್ಲಿ ಇಂಡೋನೇಷ್ಯಾಕ್ಕೆ ಹೋದ ಈ ಮೇಕೆಗೆ ಅಲ್ಲಿ ಇಂದಿಗೂ ಇಟಾವಾದ ಹೆಸರೇ, ಎತಾವಾ ಮೇಕೆ. ಅಲ್ಲಿನ ಪುಟ್ಟ ಕಚಾಂಗ್ ಮೇಕೆಯೊಡನೆ ಬೆರೆತು ಹುಟ್ಟಿದ ಪೆರಾನಾಕನ್ ಎತಾವಾ ಜಾವಾದ ಪ್ರಮುಖ ಹಾಲಿನ ಮೇಕೆ. ಮಧ್ಯ ಜಾವಾದ ಕಾಲಿಗೆಸಿಂಗ್ ಅದಕ್ಕೆ ಹೆಸರುವಾಸಿ. ಇಂಗ್ಲೆಂಡಿನ ಆಂಗ್ಲೋ ನೂಬಿಯನ್ ತಳಿಯ ಪೂರ್ವಜರಲ್ಲೂ ಜಮುನಾಪಾರಿ ಇದೆ. ಇವೆಲ್ಲ ಮೊಮ್ಮಕ್ಕಳು, ಮರಿಮಕ್ಕಳು. ಮೊಮ್ಮಕ್ಕಳು ಎಷ್ಟೇ ಇದ್ದರೂ ಅವುಗಳನ್ನು ಕೂಡಿಸಿ ಮೂಲ ತಳಿಯನ್ನು ಮರಳಿ ಕಟ್ಟಲಾಗದು, ಬೆರೆತದ್ದನ್ನು ಬೇರ್ಪಡಿಸುವ ಉಪಾಯ ಯಾರ ಬಳಿಯೂ ಇಲ್ಲ.

ಹೋತ ಮಾಯವಾಗುವ ಬಗೆ

ಚಕರ್‌ನಗರದ ಹಳ್ಳಿಗಳಲ್ಲಿ ತಳಿ ಸೊರಗಿದ್ದಕ್ಕೆ ಹಲವು ಕಾರಣ ಹೇಳುತ್ತಾರೆ. ಅವುಗಳಲ್ಲಿ ಅತಿ ನೇರವಾದದ್ದು ಒಂದೇ: ಬೀಜದ ಹೋತ ಊರಿನಲ್ಲಿ ಉಳಿಯುವುದಿಲ್ಲ.

ಒಂದು ಗಂಡುಮರಿಯ ಬದುಕನ್ನೇ ನೋಡೋಣ. ಜಮುನಾಪಾರಿ ಮುಖ್ಯವಾಗಿ ಮೇ–ಜೂನ್ ಮತ್ತು ಅಕ್ಟೋಬರ್–ನವೆಂಬರ್‌ನಲ್ಲಿ ಬೆದೆಗೆ ಬರುತ್ತದೆ. ಗಬ್ಬ 150 ದಿನ. ಹೀಗಾಗಿ ಮರಿಗಳು ಹುಟ್ಟುವುದು ಅಕ್ಟೋಬರ್–ನವೆಂಬರ್ ಮತ್ತು ಮಾರ್ಚ್–ಏಪ್ರಿಲ್‌ನಲ್ಲಿ. ಹುಟ್ಟಿದಾಗ ಸುಮಾರು 3 ಕೆ.ಜಿ. ತೂಗುವ ಗಂಡುಮರಿ ಚೆನ್ನಾಗಿ ಬೆಳೆದರೆ ಒಂದು ವರ್ಷದ ಹೊತ್ತಿಗೆ ಬಿಳಿಯಾಗಿ, ಎತ್ತರವಾಗಿ, ಊನವಿಲ್ಲದೆ ನಿಂತಿರುತ್ತದೆ. ಬಕ್ರೀದ್ ಮಾರುಕಟ್ಟೆ ಕೇಳುವುದು ಇದನ್ನೇ: ವರ್ಷ ತುಂಬಿದ, ದೋಷವಿಲ್ಲದ, ನೋಡಲು ಚೆಂದದ ಗಂಡು. ಹಬ್ಬದ ಹೊತ್ತಿಗೆ ಬರುವ ಬೆಲೆ ಸಾಧಾರಣ ಮಾಂಸದ ಬೆಲೆಗಿಂತ ಎಷ್ಟೋ ಹೆಚ್ಚು. ಮೇಕೆ ಸಾಕುವ ಮನೆಗೆ ಅದು ವರ್ಷದ ದೊಡ್ಡ ನಗದು.

ಹೋತ ಬೀಜಕ್ಕೆ ಸಿದ್ಧವಾಗುವುದು ಒಂದೂವರೆ ವರ್ಷದ ನಂತರ. ಅದರ ಹೆಣ್ಣುಮಕ್ಕಳ ಹಾಲು ನೋಡಿ ಇದು ಒಳ್ಳೆಯ ಬೀಜ ಎಂದು ಹೇಳಬೇಕಾದರೆ ಇನ್ನೂ ಎರಡೂವರೆ ವರ್ಷ ಕಾಯಬೇಕು. ಮಾರುಕಟ್ಟೆ ಕಾಯುವುದು ಒಂದೇ ವರ್ಷ. ಹೀಗೆ ಅತಿ ಒಳ್ಳೆಯ ಗಂಡು ಮೊದಲು ಹೋಗುತ್ತದೆ, ಉಳಿಯುವುದು ಯಾರೂ ಕೊಳ್ಳದ್ದು. ಅದೇ ಊರಿನ ಮೇಕೆಗಳಿಗೆ ಹಾರುತ್ತದೆ. ತಲೆಮಾರು ತಲೆಮಾರು ಹೀಗೇ ನಡೆದರೆ ಅದೂ ಆಯ್ಕೆಯೇ, ಹಿಮ್ಮುಖ ಆಯ್ಕೆ. ತಪ್ಪು ಹಬ್ಬದ್ದೂ ಅಲ್ಲ, ರೈತನದ್ದೂ ಅಲ್ಲ. ಹೋತವನ್ನು ಉಳಿಸಿಕೊಂಡವನಿಗೆ ಏನೂ ಸಿಗದ, ಮಾರಿದವನಿಗೆ ಎಲ್ಲ ಸಿಗುವ ವ್ಯವಸ್ಥೆಯದ್ದು.

ಎರಡನೆಯ ಸೋರಿಕೆ ತಳಿಸುಧಾರಣೆಯ ಹೆಸರಿನದು. ಬೇರೆ ರಾಜ್ಯಗಳ ಸಾಕಣೆ ಕೇಂದ್ರಗಳು, ನೆರೆದೇಶಗಳ ಯೋಜನೆಗಳು, ಖಾಸಗಿ ಫಾರ್ಮ್‌ಗಳು ಎಲ್ಲವೂ ಬೀಜಕ್ಕಾಗಿ ಇಟಾವಾದ ಕಡೆ ನೋಡಿದವು. ಹೋದ ಹೋತಗಳು ಅಲ್ಲಿ ಬೆರಕೆ ಹುಟ್ಟಿಸಿದವು, ವಾಪಸ್ ಬರಲಿಲ್ಲ. ಊರಲ್ಲಿ ಹೋತವಿಲ್ಲದಾಗ ಬೆದೆಗೆ ಬಂದ ಮೇಕೆಯನ್ನು ರೈತ ಸುಮ್ಮನೆ ಕಟ್ಟಿಹಾಕುವುದಿಲ್ಲ. ಪಕ್ಕದಲ್ಲಿ ಸಿಕ್ಕ ಬಾರ್ಬರಿ ಹೋತವೋ ಬೆರಕೆಯೋ ಸಾಕು. ಬೆರಕೆ ಹೊರಗೆ ಹುಟ್ಟಿದರೆ ತಳಿಗೆ ಅಷ್ಟೇನೂ ನಷ್ಟವಿಲ್ಲ. ತವರಿನೊಳಗೇ ಹುಟ್ಟತೊಡಗಿದರೆ ಬುಡವೇ ಹೋಯಿತು.

ಒಂದು ಸಣ್ಣ ಲೆಕ್ಕ

ತಳಿಯ ಭದ್ರತೆ ಅಳೆಯುವಾಗ ತಜ್ಞರು ಒಟ್ಟು ತಲೆ ಎಣಿಸುವುದಿಲ್ಲ. ಪರಿಣಾಮಕಾರಿ ಸಂಖ್ಯೆ ಎಂಬ ಅಳತೆ ಬಳಸುತ್ತಾರೆ. ಸೂತ್ರ ಸರಳ: ಬೀಜದ ಗಂಡುಗಳನ್ನು ಹೆಣ್ಣುಗಳಿಂದ ಗುಣಿಸಿ, ನಾಲ್ಕರಿಂದ ಗುಣಿಸಿ, ಗಂಡು ಹೆಣ್ಣುಗಳ ಮೊತ್ತದಿಂದ ಭಾಗಿಸಬೇಕು.

ಒಂದು ಸಾವಿರ ಮೇಕೆ, ಹತ್ತು ಹೋತ ಇರುವ ಸೀಮೆಯ ಪರಿಣಾಮಕಾರಿ ಸಂಖ್ಯೆ 40 ಮುಟ್ಟುವುದಿಲ್ಲ. ಬರೀ ಇನ್ನೂರು ಮೇಕೆ, ಆದರೆ ಪರಸ್ಪರ ನೆಂಟಸ್ತಿಕೆಯಿಲ್ಲದ 40 ಹೋತ ಇರುವ ಸೀಮೆಯದ್ದು 133. ಹೆಣ್ಣುಗಳು ಐದನೇ ಒಂದು ಭಾಗವಾದರೂ ಭದ್ರತೆ ಮೂರು ಪಟ್ಟಿಗೂ ಮೇಲೆ! ಒಂದು ಹೆಣ್ಣು ಜೀವಮಾನದಲ್ಲಿ ಏಳೆಂಟು ಮರಿ ಕೊಟ್ಟರೆ ಹೆಚ್ಚು. ಒಂದು ಹೋತ ವರ್ಷಕ್ಕೆ 25–30 ಮೇಕೆಗಳಂತೆ ನಾಲ್ಕು ವರ್ಷ ಕೆಲಸ ಮಾಡಿದರೆ ನೂರಕ್ಕೂ ಹೆಚ್ಚು ಮರಿಗಳ ಅಪ್ಪ. ತಳಿಯ ಕೊರಳು ಗಂಡಿನ ಕಡೆಯಲ್ಲಿ ಬಿಗಿಯುವುದು ಇದಕ್ಕೇ.

ಪರಿಣಾಮಕಾರಿ ಸಂಖ್ಯೆಯ ಎರಡರಷ್ಟರಿಂದ ಒಂದನ್ನು ಭಾಗಿಸಿದರೆ ಪ್ರತಿ ತಲೆಮಾರಿಗೆ ಏರುವ ಒಳಸಂಕರದ, ಅಂದರೆ ರಕ್ತಸಂಬಂಧಿಗಳ ಕೂಡುವಿಕೆಯ, ಪ್ರಮಾಣ ಸಿಗುತ್ತದೆ. ಅದು ಶೇ 1 ದಾಟಬಾರದು, ಅಂದರೆ ಪರಿಣಾಮಕಾರಿ ಸಂಖ್ಯೆ 50ಕ್ಕಿಂತ ಕೆಳಗೆ ಇಳಿಯಬಾರದು ಎಂಬುದು ಸಾಮಾನ್ಯ ನಿಯಮ. ಐದು ಹೋತ, ನೂರು ಮೇಕೆಗಳ ಹಿಂಡನ್ನು ಹೊರಗಿನ ರಕ್ತ ಬರದಂತೆ ಮುಚ್ಚಿಟ್ಟರೆ ಪರಿಣಾಮಕಾರಿ ಸಂಖ್ಯೆ 19, ಒಳಸಂಕರ ತಲೆಮಾರಿಗೆ ಶೇ 2.6. ಐದು ತಲೆಮಾರು ಕಳೆಯುವಷ್ಟರಲ್ಲಿ ಎಲ್ಲ ಮರಿಗಳೂ ಒಂದೇ ಅಪ್ಪನ, ಬೇರೆ ತಾಯಂದಿರ ಮಕ್ಕಳನ್ನು ಕೂಡಿಸಿ ಹುಟ್ಟಿಸಿದಂತಾಗಿರುತ್ತವೆ. ಹುಟ್ಟುತೂಕ ತಗ್ಗುತ್ತದೆ, ಮರಿಗಳ ಸಾವು ಹೆಚ್ಚುತ್ತದೆ, ಗಬ್ಬ ನಿಲ್ಲುವುದು ಕಡಿಮೆಯಾಗುತ್ತದೆ. ಕೊಟ್ಟಿಗೆಯ ಯಜಮಾನ ಮೇವನ್ನೋ ಹವೆಯನ್ನೋ ದೂರುತ್ತಾನೆ.

ಈ ಐದು–ನೂರರ ಅನುಪಾತವನ್ನು ಸುಮ್ಮನೆ ಆರಿಸಿಕೊಂಡದ್ದಲ್ಲ. ರಾಷ್ಟ್ರೀಯ ಜಾನುವಾರು ಮಿಷನ್ ಕುರಿ–ಮೇಕೆ ತಳಿ ಘಟಕಗಳಿಗೆ ಕೊಡುವ ಶೇ 50 ಬಂಡವಾಳ ಸಹಾಯಧನದ ಅತಿ ಚಿಕ್ಕ ಘಟಕ ಇದೇ: 100 ಹೆಣ್ಣು, 5 ಗಂಡು, ಸಹಾಯಧನದ ಮಿತಿ 10 ಲಕ್ಷ ರೂಪಾಯಿ. ಅತಿ ದೊಡ್ಡದು 500 ಹೆಣ್ಣು, 25 ಗಂಡು, ಮಿತಿ 50 ಲಕ್ಷ. ದೊಡ್ಡ ಘಟಕದ ಪರಿಣಾಮಕಾರಿ ಸಂಖ್ಯೆ 95, ಚಿಂತೆಯಿಲ್ಲ. ಚಿಕ್ಕದು ಒಂದೇ ಕಡೆ ಒಡಹುಟ್ಟಿದ ಐದು ಹೋತ ತಂದು ಬಾಗಿಲು ಹಾಕಿಕೊಂಡರೆ ಕಾಗದದ ಮೇಲಿನ 19 ಕೂಡ ಉಳಿಯುವುದಿಲ್ಲ.

ಕಂದರವೂ ಬದಲಾಯಿತು

ಆಡು ಮುಟ್ಟದ ಸೊಪ್ಪಿಲ್ಲ ಎಂದು ನಮ್ಮಲ್ಲಿ ಗಾದೆ. ಚಂಬಲ್ ಸೀಮೆಯಲ್ಲಿ ಆಡು ಮುಟ್ಟದ ಸೊಪ್ಪೇ ಈಗ ಹೆಚ್ಚು: ಬಳ್ಳಾರಿ ಜಾಲಿ, ಅಲ್ಲಿನವರ ವಿಲಾಯತಿ ಬಬೂಲ್. ಕಂದರದ ಮಣ್ಣು ಹಿಡಿದಿಡಲೆಂದು ಹರಡಿದ ಈ ಗಿಡ ನಾಡಜಾಲಿ, ಬೋರೆಗಳ ಜಾಗ ನುಂಗಿತು. ಇದರ ಎಲೆ ಮೇಕೆಗೆ ರುಚಿಸುವುದಿಲ್ಲ, ಕಾಯಿ ರುಚಿಸುತ್ತದೆ. ಕಾಯಿ ತಿಂದ ಮೇಕೆ ಹಿಕ್ಕೆಯಲ್ಲಿ ಬೀಜ ಉದುರಿಸುತ್ತ ಹೋಗುತ್ತದೆ. ತನ್ನ ಮೇವಿನ ಶತ್ರುವನ್ನು ತಾನೇ ಬಿತ್ತುವ ಸ್ಥಿತಿ.

ಇನ್ನೊಂದು ಕಡೆ ಕಂದರಗಳನ್ನು ಯಂತ್ರಗಳಿಂದ ಸಮ ಮಾಡಿ ಹೊಲ ಮಾಡುವುದು ನಡೆದಿದೆ. 1979ರಲ್ಲಿ ಘೋಷಣೆಯಾದ ರಾಷ್ಟ್ರೀಯ ಚಂಬಲ್ ಅಭಯಾರಣ್ಯ ಘರಿಯಾಲ್ ಮೊಸಳೆಯ ಪಾಲಿಗೆ ವರವಾಯಿತು, ನದಿಯಂಚಿನಲ್ಲಿ ಮೇಯಿಸುವವರಿಗೆ ನಿರ್ಬಂಧ ತಂದಿತು. ಮೇಯಲು ಜಾಗ ಕಡಿಮೆಯಾದಂತೆ ಹಿಂಡು ಚಿಕ್ಕದಾಗುತ್ತದೆ. ನಾಲ್ಕೈದು ಮೇಕೆಯ ಮನೆ ಪ್ರತ್ಯೇಕ ಹೋತ ಸಾಕುವುದಿಲ್ಲ. ಹೋತದ ಕೊರತೆಗೆ ಇದು ಮತ್ತೊಂದು ದಾರಿ.

ಯಾರ ವಾದ ಏನು

ಪಶುಸಂಗೋಪನಾ ಇಲಾಖೆಗಳ ಹಳೆಯ ನಿಲುವು ಇಷ್ಟು: ದೇಶದ ಬಹುಪಾಲು ಮೇಕೆಗಳಿಗೆ ತಳಿಯೇ ಇಲ್ಲ, ದೊಡ್ಡ ಮೈಯ ಜಮುನಾಪಾರಿ, ಬೀಟಲ್ ಹೋತಗಳನ್ನು ಹಂಚಿದರೆ ಮರಿಯ ತೂಕವೂ ಹಾಲೂ ಏರುತ್ತವೆ. ಈ ವಾದದಲ್ಲಿ ಸತ್ಯವಿದೆ. ಬೆರಕೆ ಮರಿ ತೂಕ ಹೆಚ್ಚು ಬರುವುದನ್ನು ರೈತರೇ ನೋಡಿದ್ದಾರೆ. ಆದರೆ ಸುಧಾರಕ ತಳಿಯನ್ನು ಬಳಸುತ್ತ ಹೋಗಲು ಮೊದಲು ಅದು ಇರಬೇಕಲ್ಲ.

ಸಂರಕ್ಷಣೆಯವರಲ್ಲಿ ಎರಡು ಗುಂಪು. ಒಂದು, ಇಟಾವಾದಿಂದ ಹೋತ ಹೊರಹೋಗುವುದನ್ನೇ ನಿಲ್ಲಿಸಿ ಎನ್ನುತ್ತದೆ. ಕೇಳಲು ಸರಿ, ಫಲ ತಿರುಗುಮುರುಗು. ಹೊರಗಿನ ಕೊಳ್ಳುಗ ಇಲ್ಲವಾದರೆ ಬೆಲೆ ಬೀಳುತ್ತದೆ, ಬೆಲೆ ಬಿದ್ದ ತಳಿಯನ್ನು ಬಿಟ್ಟು ರೈತ ಬಾರ್ಬರಿ ಕಟ್ಟುತ್ತಾನೆ. ಬಿಡದವನು ಕದ್ದು ಮಾರುತ್ತಾನೆ. ಇನ್ನೊಂದು ಗುಂಪು, ಸರ್ಕಾರಿ ಕೇಂದ್ರದ ಹಿಂಡು ಇದೆಯಲ್ಲ, ಅಷ್ಟು ಸಾಕು ಎನ್ನುತ್ತದೆ. ಮಥುರಾ ಬಳಿಯ ಮಖ್ದೂಮ್‌ನಲ್ಲಿ 1979ರಲ್ಲಿ ಆರಂಭವಾದ ಕೇಂದ್ರೀಯ ಮೇಕೆ ಸಂಶೋಧನಾ ಸಂಸ್ಥೆಯಲ್ಲಿ ಜಮುನಾಪಾರಿಯ ಹಿಂಡನ್ನು ದಶಕಗಳಿಂದ ವಂಶಾವಳಿ ಸಮೇತ ಕಾಪಾಡಿದ್ದಾರೆ. 90 ದಿನದ, 140 ದಿನದ ಹಾಲು, ಹುಟ್ಟಿದಾಗ ಮತ್ತು 3, 6, 9, 12 ತಿಂಗಳ ತೂಕ ಎಲ್ಲಕ್ಕೂ ದಾಖಲೆಯಿದೆ. ಇಷ್ಟು ಅಚ್ಚುಕಟ್ಟಾದ ದಾಖಲೆ ಇರುವ ಹಿಂಡು ಹಳ್ಳಿಯಲ್ಲಿ ಸಿಗದು. ಅಪಾಯವಿರುವುದು ಅದು ಒಂದೇ ಜಾಗದಲ್ಲಿ ಇದೆಯೆಂಬುದರಲ್ಲಿ. ಕರುಳನ್ನು ಮೆಲ್ಲಗೆ ಕೊರೆಯುವ ಜೋನೀಸ್ ರೋಗದಂಥದ್ದು ದೊಡ್ಡ ಹಿಂಡಿಗೆ ಹೊಕ್ಕರೆ ವರ್ಷಗಟ್ಟಲೆ ಬಿಡುವುದಿಲ್ಲ. ಮೇಲಾಗಿ ಕೊಟ್ಟಿಗೆಯಲ್ಲಿ ತಲೆಮಾರುಗಟ್ಟಲೆ ಆಯ್ದ ಮೇಕೆ ಕೊಟ್ಟಿಗೆಗೇ ಒಗ್ಗುತ್ತ ಹೋಗುತ್ತದೆ.

ಹಾಗೆಂದು ತವರಿನಲ್ಲಿ ಮಾತ್ರ ಇದ್ದರೆ ಸಾಕೆಂದೂ ಅಲ್ಲ. 2021ರ ಆಗಸ್ಟ್‌ನಲ್ಲಿ ಚಂಬಲ್ ಉಕ್ಕಿದಾಗ ಭಿಂಡ್, ಇಟಾವಾ ಜಿಲ್ಲೆಗಳ ನದಿಯಂಚಿನ ಹಳ್ಳಿಗಳು ನೀರಿನಲ್ಲಿ ನಿಂತಿದ್ದವು. ಇಡೀ ತಳಿ ಒಂದು ನದಿಯ ಕೃಪೆಯಲ್ಲಿ ಇರಬಾರದು.

ಮೇಕೆ ಸಾಕುವವರ ಬೇಡಿಕೆ ಇವೆಲ್ಲಕ್ಕಿಂತ ಸರಳ: ಮೇಯಿಸಲು ಜಾಗ, ಹಾಲಿಗೆ ಬೆಲೆ. ಮೇಕೆ ಹಾಲಿಗೆ ಹೆಚ್ಚಿನ ಕಡೆ ಪ್ರತ್ಯೇಕ ಖರೀದಿಯಿಲ್ಲ. ಎಮ್ಮೆ ಹಾಲಿಗೆ ಬೆರೆತು ಹೋಗುತ್ತದೆ. ಡೆಂಗಿ ಕಾಲದಲ್ಲಿ ನಗರಗಳಲ್ಲಿ ದಿಢೀರನೆ ಬೆಲೆ ಏರುತ್ತದೆ, ಆದರೆ ಮೇಕೆ ಹಾಲು ಡೆಂಗಿ ಗುಣಪಡಿಸುತ್ತದೆ ಎನ್ನಲು ವೈದ್ಯಕೀಯ ಆಧಾರವಿಲ್ಲ. ಅಂಥ ಬೇಡಿಕೆಯ ಮೇಲೆ ತಳಿ ನಿಲ್ಲದು.

ವೀರ್ಯದ ಕಡ್ಡಿ ಸಾಕೇ?

ಹೋತವೇ ಸಮಸ್ಯೆಯಾದರೆ ದನಗಳಿಗೆ ಮಾಡುವಂತೆ ಕೃತಕ ಗರ್ಭಧಾರಣೆ ಮಾಡಬಹುದಲ್ಲ ಎಂಬ ಪ್ರಶ್ನೆ ಸಹಜ. ಮಾಡಬಹುದು, ದನದಷ್ಟು ಸಲೀಸಲ್ಲ.

ಮೊದಲ ತೊಡಕು ವೀರ್ಯದಲ್ಲೇ ಇದೆ. ಹೋತದ ವೀರ್ಯದ್ರವದಲ್ಲಿರುವ ಒಂದು ಕಿಣ್ವ, ವೀರ್ಯ ಕಾಪಾಡಲು ಬೆರೆಸುವ ಮೊಟ್ಟೆಯ ಹಳದಿಯ ಕೊಬ್ಬನ್ನು ಒಡೆದು ವೀರ್ಯಾಣುಗಳಿಗೆ ವಿಷವಾಗುವ ವಸ್ತು ಹುಟ್ಟಿಸುತ್ತದೆ. ಹಾಗಾಗಿ ದ್ರವವನ್ನು ತೊಳೆದು ತೆಗೆಯಬೇಕು ಅಥವಾ ಹಳದಿಯ ಪ್ರಮಾಣ ತಗ್ಗಿಸಬೇಕು. ಎರಡನೆಯದು ಶೀತಲ ಸರಪಳಿ: ವೀರ್ಯ ತುಂಬಿದ 0.25 ಮಿ.ಲೀ. ಕಡ್ಡಿಗಳು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲೇ ಹಳ್ಳಿಯವರೆಗೆ ಬರಬೇಕು. ಒಂದು ಸಲ ಜಾಡಿ ಬತ್ತಿದರೆ ಕಡ್ಡಿಗಳೆಲ್ಲ ಸತ್ತಂತೆ, ಹೊರನೋಟಕ್ಕೆ ಗೊತ್ತಾಗುವುದೂ ಇಲ್ಲ. ಮೂರನೆಯದು ಸಮಯ. ಬೆದೆ ಶುರುವಾದ 12ರಿಂದ 18 ಗಂಟೆಯೊಳಗೆ, 37 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಕರಗಿಸಿದ ಕಡ್ಡಿಯನ್ನು ಗರ್ಭಕೊರಳಿನ ಆಳಕ್ಕೆ ಸೇರಿಸಬೇಕು. ಮೇಕೆಯ ಗರ್ಭಕೊರಳು ಇಕ್ಕಟ್ಟು, ದನದಂತೆ ಕೈ ಹಾಕಿ ಹಿಡಿಯಲಾಗದು. ಕೊರಳಿನ ಬಾಯಲ್ಲೇ ಬಿಟ್ಟರೆ ಗಬ್ಬ ನಿಲ್ಲುವ ಸಾಧ್ಯತೆ ತೀರಾ ಕಡಿಮೆ.

ಹೀಗಾಗಿ ಘನೀಕೃತ ವೀರ್ಯ ವಿಮೆಯಿದ್ದಂತೆ. ಹಲವು ಹೋತಗಳ ವೀರ್ಯ ಜೀನ್ ಬ್ಯಾಂಕಿನಲ್ಲಿ ಇರಲೇಬೇಕು. ಕರ್ನಾಲ್‌ನ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಬ್ಯೂರೊ ಇರುವುದೇ ಇಂಥ ಕೆಲಸಕ್ಕೆ. ಆದರೆ ಒಂದು ತಳಿಯನ್ನು ವೀರ್ಯದಿಂದಷ್ಟೇ ಮರಳಿ ತರಬೇಕಾದರೆ ಬೇರೆ ತಳಿಯ ಹೆಣ್ಣಿನಿಂದ ಶುರುಮಾಡಿ ಐದು ತಲೆಮಾರು ಏರಬೇಕು, ಅಂದರೆ ಹತ್ತು ವರ್ಷಕ್ಕೂ ಹೆಚ್ಚು. ಹೆಣ್ಣುಗಳು ಹಳ್ಳಿಯಲ್ಲಿ ಬದುಕಿರುವಾಗ ಆ ಸುತ್ತುದಾರಿ ಯಾಕೆ?

ಹಳ್ಳಿಯಲ್ಲೇ ಉಳಿಸುವ ದಾರಿ

ಕೆಲಸ ಮಾಡಬಲ್ಲ ವಿಧಾನ ಹೊಸದೇನಲ್ಲ: ಹೋತಗಳ ಸರದಿ. ನಾಲ್ಕು ಹಳ್ಳಿಗಳ, ಅಥವಾ ಒಂದೇ ದೊಡ್ಡ ಹಳ್ಳಿಯ ನಾಲ್ಕು ಕೇರಿಗಳ ಹಿಂಡುಗಳನ್ನು ಗುಂಪು ಮಾಡಬೇಕು. ಪ್ರತಿ 25–30 ಮೇಕೆಗೆ ಒಂದರಂತೆ ಹೋತ. ಮೊದಲ ಗುಂಪಿನ ಹೋತ ಎರಡನೆಯದಕ್ಕೆ, ಎರಡನೆಯದರದ್ದು ಮೂರನೆಯದಕ್ಕೆ ಹೋಗಬೇಕು, ಕೊನೆಯದು ಮೊದಲಿಗೆ. ಯಾವಾಗ? ಅದರ ಹೆಣ್ಣುಮರಿಗಳು ಬೆದೆಗೆ ಬರುವ ಮೊದಲು. ಜಮುನಾಪಾರಿಯಲ್ಲಿ ಅದಕ್ಕೆ ಸಾಕಷ್ಟು ಸಮಯ ಸಿಗುತ್ತದೆ. ಹೋತ ಒಂದು ಗುಂಪಿನಲ್ಲಿ ಒಂದೂವರೆ ವರ್ಷ ಇದ್ದು ಹೊರಟರೆ ಅಪ್ಪ–ಮಗಳ ಕೂಡುವಿಕೆ ತಪ್ಪುತ್ತದೆ. ಹೀಗೆ ಒಂದು ಹೋತ ಆರು ವರ್ಷ ದುಡಿದು, ನಾಲ್ಕು ಗುಂಪು ಸುತ್ತಿ, ಆಮೇಲೆ ಮಾರಾಟಕ್ಕೆ ಹೋಗಬಹುದು.

ಕಾಗದದಲ್ಲಿ ಸುಲಭ ಕಾಣುವ ಇದು ಕೆಡುವುದು ಮೂರು ಕಡೆ. ಹೋತ ಸಾಕುವವನಿಗೆ ಹಣ ಒಮ್ಮೆ ಕೊಟ್ಟು ಕೈ ತೊಳೆದುಕೊಂಡರೆ ಮುಂದಿನ ಬಕ್ರೀದಿಗೆ ಅದು ಲಾರಿ ಹತ್ತಿರುತ್ತದೆ. ಹಬ್ಬದ ಬೆಲೆಗೆ ಸಮನಾದ ಮೊತ್ತವನ್ನು ಕಂತುಗಳಲ್ಲಿ, ಹೋತ ಕಣ್ಣೆದುರು ಇರುವ ತನಕ ಮಾತ್ರ ಕೊಡಬೇಕು. ಎರಡು, 12 ಅಂಕಿಯ ಕಿವಿಬಿಲ್ಲೆ ಇಲ್ಲದೆ ಯಾವುದು ಯಾರ ಮಗನೆಂದು ತಿಳಿಯುವುದಿಲ್ಲ, ಸರದಿ ಸುಮ್ಮನೆ ಮೆರವಣಿಗೆಯಾಗುತ್ತದೆ. ಮೂರು, ಬೆರಕೆ ಗಂಡುಮರಿಗಳನ್ನು ಮೂರು ತಿಂಗಳೊಳಗೆ ಬೀಜ ಒಡೆಸದಿದ್ದರೆ ಅವು ಮೇಯುವ ಕಡೆಯಲ್ಲೇ ಕೆಲಸ ಮುಗಿಸಿರುತ್ತವೆ.

ಅಪ್ಪಟ ಯಾವುದು ಎಂಬ ಮೂಲ ಪ್ರಶ್ನೆಗೆ ಈಗ ಡಿಎನ್‌ಎ ಚಿಪ್ ಇದೆ, ಸುಮಾರು 50 ಸಾವಿರ ಗುರುತುಗಳನ್ನು ಒಟ್ಟಿಗೆ ಓದಿ ರಕ್ತದ ಪಾಲು ಅಂದಾಜಿಸುವಂಥದ್ದು. ಪ್ರತಿ ಮೇಕೆಗೆ ಬೇಕಿಲ್ಲ. ಬೀಜಕ್ಕೆ ಆರಿಸುವ ಹೋತಗಳಿಗೆ ಮಾಡಿದರೆ ಸಾಕು.

ಕರ್ನಾಟಕದ ಕೊಟ್ಟಿಗೆಗೆ ಏನು ನಂಟು

ಸಹಾಯಧನದ ಘಟಕಗಳು ಹೆಚ್ಚಿದಂತೆ ನಮ್ಮಲ್ಲೂ ಜಮುನಾಪಾರಿ ಎಂಬ ಹೆಸರಿಗೆ ಬೆಲೆ ಬಂದಿದೆ. ಕೊಳ್ಳುವವರಿಗೆ ತಿಳಿದಿರಬೇಕಾದದ್ದು: ವಂಶದ ದಾಖಲೆ, ತಾಯಿಯ ಹಾಲಿನ ದಾಖಲೆ ಇಲ್ಲದ ಮೇಕೆಗೆ ಕಿವಿ ಅಳೆದು ತಳಿಬೆಲೆ ಕೊಡಬಾರದು, ತೂಕದ ಬೆಲೆ ಕೊಡಬಹುದು. ಐದು ಹೋತ ತರುವುದಾದರೆ ಐದು ಬೇರೆ ಕಡೆಯಿಂದ ತರಬೇಕು.

ಎರಡು ಮೂರು ದಿನ ಲಾರಿಯಲ್ಲಿ ನಿಂತು ಬಂದ ಮೇಕೆಗೆ ಮೊದಲು ಬರುವುದು ನ್ಯುಮೋನಿಯಾ. ಹೊಸದನ್ನು ಮೂರರಿಂದ ನಾಲ್ಕು ವಾರ ಹಳೆಯ ಹಿಂಡಿನಿಂದ ದೂರ ಇಡಬೇಕು. ಪಿಪಿಆರ್ ಎಂಬ ಮೇಕೆ ಪ್ಲೇಗ್‌ನ ಲಸಿಕೆ ಹೊರಡುವ ಮೊದಲೇ ಆಗಿರಬೇಕು, ಅದರ ರಕ್ಷಣೆ ಮೂರು ವರ್ಷ. ಕರುಳುಬೇನೆಯ ಲಸಿಕೆ ಪ್ರತಿ ವರ್ಷ. ಕರಾವಳಿ, ಮಲೆನಾಡಿನ ತೇವದಲ್ಲಿ ಜಂತುಹುಳು ಮತ್ತು ಗೊರಸು ಕೊಳೆತ ಈ ಒಣಸೀಮೆಯ ಮೇಕೆಯನ್ನು ಹಣ್ಣು ಮಾಡುತ್ತವೆ.

ಮೇವಿನ ಗೋದಲಿ ನೆಲದಿಂದ ಎರಡರಿಂದ ಎರಡೂವರೆ ಅಡಿ ಮೇಲಿರಲಿ, ಸೊಪ್ಪನ್ನು ಕಟ್ಟಿ ಇನ್ನೂ ಎತ್ತರಕ್ಕೆ ತೂಗುಹಾಕಿದರೆ ಮತ್ತೂ ಒಳ್ಳೆಯದು. ನೆಲಕ್ಕೆ ಹಾಕಿದ ಮೇವನ್ನು ಇದು ತುಳಿದು ಬಿಡುತ್ತದೆ. 40 ಕೆ.ಜಿ. ತೂಗುವ ಹಾಲಿನ ಮೇಕೆಗೆ ದಿನಕ್ಕೆ 1.6ರಿಂದ 2 ಕೆ.ಜಿ. ಒಣಾಂಶ ಬೇಕು. ಅಂದರೆ ನಾಲ್ಕೈದು ಕೆ.ಜಿ. ಹಸಿ ಸೊಪ್ಪು, ಅರ್ಧ ಕೆ.ಜಿ.ಗೆ ಕಡಿಮೆಯಿಲ್ಲದ ಒಣಮೇವು, 250 ಗ್ರಾಂ ಹಿಂಡಿ ಮತ್ತು ಪ್ರತಿ ಲೀಟರ್ ಹಾಲಿಗೆ ಇನ್ನೂ 350–400 ಗ್ರಾಂ. ಸುಬಾಬುಲ್ ಸೊಪ್ಪು ಒಟ್ಟು ಮೇವಿನ ಮೂರನೇ ಒಂದು ಪಾಲು ಮೀರದಿರಲಿ, ಅದರಲ್ಲಿರುವ ಮೈಮೋಸಿನ್ ಕೂದಲು ಉದುರಿಸುತ್ತದೆ. ಈ ತಳಿಯಲ್ಲಿ ಕೆಲವು ಮೇಕೆಗಳ ಮೊಲೆ ದಪ್ಪವಾಗಿದ್ದು ಮರಿಯ ಬಾಯಿಗೆ ಸಿಗುವುದಿಲ್ಲ. 3 ಕೆ.ಜಿ. ಮರಿಗೆ ಮೊದಲ ದಿನ 300 ಮಿ.ಲೀ. ಗಿಣ್ಣುಹಾಲು ಬೇಕು, ಮೊದಲ ಗುಟುಕು ಒಂದೆರಡು ಗಂಟೆಯೊಳಗೆ. ಸಿಗದಿದ್ದರೆ ಹಿಂಡಿ ಬಾಟಲಿಯಲ್ಲಿ ಕುಡಿಸಬೇಕು.

ನಮ್ಮ ನೆಲದ ಎರಡು ಮೇಕೆಗಳು, ಬೀದರ್ ಕಡೆಯ ಬಿದ್ರಿ ಮತ್ತು ಹಳೆ ಮೈಸೂರು ಸೀಮೆಯ ನಂದಿದುರ್ಗ, ಈಗ ನೋಂದಾಯಿತ ತಳಿಗಳು. ಇವು ಹಾಲಿನ ತಳಿಗಳಲ್ಲ, ಆದರೆ ಬೇಡಿಕೆಯ ಹೋತ ಬಂದರೆ ಇವುಗಳ ಗತಿಯೂ ಚಕರ್‌ನಗರದ್ದೇ. ನಂದಿದುರ್ಗದ ಹಿಂಡಿಗೆ ಜಮುನಾಪಾರಿ ಹೋತ ಬಿಟ್ಟರೆ ಮೊದಲ ಮರಿ ದೊಡ್ಡದಾಗಿ, ಚೆಂದವಾಗಿ ಬರುತ್ತದೆ, ಒಳ್ಳೆಯ ಬೆಲೆಗೂ ಹೋಗುತ್ತದೆ. ಅಲ್ಲಿಂದಾಚೆ ಊರಿನ ಹೋತವನ್ನು ಕೇಳುವವರಿರುವುದಿಲ್ಲ.

ಮುಂದಿನ ಅಂಕಿ ಓದುವಾಗ

ಗಣತಿಯ ತಳಿವಾರು ಕೋಷ್ಟಕ ಕೈಗೆ ಬಂದಾಗ ಜಮುನಾಪಾರಿಯ ಸಾಲಿನ ಕೊನೆಯ ಮೊತ್ತವನ್ನು ಬಿಟ್ಟು ಬೇರೆ ಮೂರು ಕಡೆ ನೋಡಬೇಕು. ಅಪ್ಪಟ ಎಂಬ ಅಂಕಣದಲ್ಲಿ ಎಷ್ಟು, ಬೆರಕೆಯದರಲ್ಲಿ ಎಷ್ಟು. ಉತ್ತರ ಪ್ರದೇಶದೊಳಗೆ, ಸಾಧ್ಯವಾದರೆ ಇಟಾವಾ ಜಿಲ್ಲೆಯೊಳಗೆ ಎಷ್ಟು. ಅದರಲ್ಲಿ ಒಂದು ವರ್ಷ ದಾಟಿದ ಗಂಡು ಎಷ್ಟು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಳತೆಗೋಲಿನಲ್ಲಿ ಮೇಕೆಯಂಥ ಪ್ರಾಣಿಗೆ ಮರಿ ಹಾಕುವ ಹೆಣ್ಣು 6,000ಕ್ಕಿಂತ ಕಡಿಮೆಯಾದರೆ ತಳಿ ದುರ್ಬಲ, 3,000ಕ್ಕೆ ಇಳಿದರೆ ಅಪಾಯದಲ್ಲಿದೆ, 300ಕ್ಕೆ ಬಂದರೆ ಕೊನೆಯ ಹಂತ. ಬೀಜದ ಗಂಡುಗಳ ಗೆರೆಗಳು 35, 20 ಮತ್ತು 5. ಲಕ್ಷ ಎಂಬ ಮೊತ್ತದ ಪಕ್ಕದಲ್ಲಿ ಈ ಪುಟ್ಟ ಸಂಖ್ಯೆಗಳನ್ನು ಇಟ್ಟುಕೊಂಡೇ ಕೋಷ್ಟಕ ಓದಬೇಕು.